ಕಾಳಿನ ಮುಂದೆ ಆಡಬಾರದ ಮಾತು

ಆ ಬೇಸಿಗೆಯಲ್ಲಿ ನನ್ನ ಕೆಲಸ ಒಂದೇ ಒಂದು ಪ್ರಶ್ನೆಯ ಸುತ್ತ ಇತ್ತು. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಿಗೆ ಹೋಗಿ ರೈತರ ಜೊತೆ ಕೂತು, ನಿಮ್ಮ ದುಡಿಮೆಯಲ್ಲಿ ನಿಮಗೆ ಏನು ತ್ರಾಸ ಇದೆ ಎಂದು ಕೇಳಬೇಕು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದು ಕಳಿಸಬೇಕು. ರೈತರ ಆರೋಗ್ಯದ ಬಗ್ಗೆ ಅಧ್ಯಯನ ನಡೆಸುತ್ತಿದ್ದ ಸಂಸ್ಥೆಯವರು ನಾನು ನರಗುಂದದವಳು, ಈ ಕಡೆಯ ಮಾತು ಬರುತ್ತದೆ ಎಂಬ ಕಾರಣಕ್ಕೇ ನನ್ನನ್ನು ಆರಿಸಿದ್ದರು.

ಮಾತು ಬರುತ್ತಿತ್ತು. ಉತ್ತರ ಬರುತ್ತಿರಲಿಲ್ಲ. ಹೊಳೆಮಣ್ಣೂರಿನಲ್ಲಿ ಒಬ್ಬ ಹೆಂಗಸು ನನಗೆ ಕೂರಲು ಚಾಪೆ ಹಾಸಿದ ಜಾಗದ ಹಿಂದಿನ ಗೋಡೆಯ ಮೇಲೆ ಮಲಪ್ರಭೆಯ ನೀರು ನಿಂತು ಹೋದ ಗೆರೆ ಇತ್ತು. ಅದು ಅವಳ ತಲೆಗಿಂತ ಮೇಲಿತ್ತು. ಅದನ್ನು ತೋರಿಸಿ ಕೇಳಿದೆ. "ಹೊಳಿ ಬಂದಿತ್ರಿ, ಹೋತು" ಅಂದಳು, ನೆಂಟರ ವಿಷಯ ಹೇಳುವ ಹಾಗೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಿದ್ದ ಒಬ್ಬ ಮುದುಕರನ್ನು ಕೇಳಿದರೆ, "ಹೊಲದಾಗ ಮುಳ್ಳು ಚುಚ್ಚಲಾರದ ಮಲ್ಲಿಗಿ ಹೂವು ಚುಚ್ಚತಾವೇನ್ರಿ ಅಕ್ಕಾರ" ಎಂದು ನನ್ನನ್ನೇ ನಗಿಸಿದರು. ದರದ ಬಗ್ಗೆ, ಕರೆಂಟಿನ ಬಗ್ಗೆ, ರಸ್ತೆಯ ಬಗ್ಗೆ ದೂರು ಕೇಳಿದರೆ ಕಟ್ಟೆಯ ಮೇಲಿನವರೆಲ್ಲ ಒಟ್ಟಿಗೇ ಮಾತಾಡುತ್ತಿದ್ದರು. ಆದರೆ ಬೆನ್ನು, ಮೊಣಕಾಲು, ಉಸಿರು, ನಿದ್ದೆ ಅಂದ ಕೂಡಲೇ ಎಲ್ಲರದೂ ಒಂದೇ ಮಾತು: ಆರಾಮ. ಗೊಣಗುವವರ ಬಗ್ಗೆ ಅವರಿಗೆ ಸಣ್ಣ ತಾತ್ಸಾರವೂ ಇತ್ತು. ಯಾವನೋ ಒಬ್ಬ ಸದಾ ಸೊಂಟ ಹಿಡಿದುಕೊಂಡು ನರಳುತ್ತಾನಂತೆ, ಅವನ ಹೊಲದ ಬೆಳೆಯೂ ಅವನ ಹಾಗೇ ಬಗ್ಗಿಕೊಂಡು ನಿಂತಿರುತ್ತದಂತೆ.

ಇಂಥ ಉತ್ತರಗಳನ್ನು ಕಳಿಸಿದಾಗ ನನ್ನ ಮೇಲಿನವರು ಫೋನು ಮಾಡಿ, ಸುಮ್ಮನೆ ಕೂತು ಕೇಳಿದರೆ ಹೀಗೇ ಆಗುತ್ತದೆ, ಅವರು ಕೆಲಸ ಮಾಡುವಾಗ ಜೊತೆಯಲ್ಲಿದ್ದು ಕೇಳಿ ಎಂದು ಸಲಹೆ ಕೊಟ್ಟರು. ಒಳ್ಳೆಯ ಸಲಹೆಯೇ. ಹಾಗಾಗಿಯೇ ನಾನು ಮುಶಿಗೇರಿಯ ಆ ಮನೆಯ ಹಿತ್ತಲಿನಲ್ಲಿ ಇದ್ದೆ.

ಮನೆಯಲ್ಲಿ ನಾಲ್ಕು ಜನ. ತಾಯಿ, ಇಬ್ಬರು ಗಂಡುಮಕ್ಕಳು, ಹಿರಿಯವನ ಹೆಂಡತಿ. ಹಿರಿಯವನನ್ನು ಊರಿನಲ್ಲಿ ಎಲ್ಲರೂ ಗಟ್ಟಿ ಆಳು ಅನ್ನುತ್ತಿದ್ದರು. ಮಾತು ಕಡಿಮೆ, ನಗು ಹೆಚ್ಚು. ತಮ್ಮ ಅದಕ್ಕೆ ತಿರುಗುಮುರುಗು, ಬಾಯಿ ಸುಮ್ಮನಿರುತ್ತಿರಲಿಲ್ಲ. ಹಿತ್ತಲಿನಲ್ಲಿ ಒಂದು ಹಗೇವು ಇತ್ತು. ಹಗೇವು ಅಂದರೆ ನೆಲದೊಳಗೆ ಅಗೆದ ಜೋಳದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಹೋದಂತೆ ಅಗಲವಾದ ಹೊಟ್ಟೆ. ಆಳ ಎರಡಾಳಿಗಿಂತ ಹೆಚ್ಚು. ಸುತ್ತ ಗೋಡೆಗೆ ಜೋಳದ ಒಣದಂಟಿನ ಕಣಿಕೆ ನಿಲ್ಲಿಸಿ, ಕಾಳು ತುಂಬಿ, ಮೇಲೆ ಹೊಟ್ಟು ಹರಡಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಹುಳ ಬೀಳದೆ ಇರುತ್ತದೆ. ಈಗ ಯಾರೂ ಹಗೇವು ಇಡುವುದಿಲ್ಲ. ಎಲ್ಲ ಕಡೆ ಚೀಲ, ಗೋದಾಮು. ಈ ಮನೆಯಲ್ಲಿ ಮಾತ್ರ ತಾಯಿಯ ಹಟಕ್ಕೆ ಒಂದು ಉಳಿದಿತ್ತು. ಹಿತ್ತಲಿನಲ್ಲಿ ಹೊಸ ಖೋಲಿ ಕಟ್ಟಿಸಬೇಕೆಂದು, ಒಳಗಿನ ಜೋಳ ತೆಗೆದು ಹಗೇವನ್ನು ಮುಚ್ಚಿಬಿಡುವುದೆಂದು ತೀರ್ಮಾನವಾಗಿತ್ತು.

ಹಗೇವು ತೆಗೆಯುವುದು ಅಪಾಯದ ಕೆಲಸ ಎಂದು ಅವರಿಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನವೇ ಮಣ್ಣು ಕೆದರಿ, ಕಲ್ಲು ಸರಿಸಿ, ಬಾಯಿ ತೆರೆದು ಬಿಟ್ಟಿದ್ದರು. ಬೆಳಿಗ್ಗೆ ತಮ್ಮ ಬೇವಿನ ಸೊಪ್ಪಿನ ದೊಡ್ಡ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು, ಬಾಯೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಕೆಟ್ಟ ಗಾಳಿಯನ್ನು ಕಲಕಿ ಹೊರಹಾಕಿದ. ಆಮೇಲೆ ಕಂದೀಲು ಹಚ್ಚಿ ಇಳಿಬಿಟ್ಟರು. ಕಾಳಿನ ಮೇಲೆ ಕೂತ ಕಂದೀಲು ನೆಟ್ಟಗೆ ಉರಿಯಿತು. ಅದು ಆರಿದರೆ ಒಳಗೆ ಇಳಿಯಬಾರದು. ಆರಲಿಲ್ಲ. ಹಿರಿಯವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ.

ಇಳಿಯುವ ಮೊದಲು ತಾಯಿ ಹಗೇವಿನ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಚಪ್ಪಲಿ ಬಿಟ್ಟು ದೂರ ಇಡಿಸಿದರು. ನನ್ನ ಕಡೆ ತಿರುಗಿ ಸೂಚನೆ ಕೊಟ್ಟರು. ಕಾಳು ಮೇಲೆ ಬರುವ ಹೊತ್ತಿನಲ್ಲಿ ಕೆಲವು ಮಾತು ಆಡುವಂತಿಲ್ಲ. ಮೊದಲ ಬುಟ್ಟಿಗೆ ಒಂದು ಅನ್ನಬಾರದು, ಲಾಭ ಅನ್ನಬೇಕು. ಮುಗಿಯಿತು ಅನ್ನಬಾರದು. ದಣಿವಾಯಿತು ಅನ್ನಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಸಾಕು ಅನ್ನಬಾರದು.

ಯಾಕೆ ಎಂದು ಕೇಳಿದೆ.

"ನಾವು ಸಾಕು ಅಂದ್ರ, ಆಕಿನೂ ಸಾಕು ಅಂತ ಎದ್ದ ಹೋಗ್ತಾಳವ್ವ" ಅಂದರು. ಆಕೆ ಅಂದರೆ ಲಕ್ಷ್ಮಿ.

ನನಗೆ ಅದು ವಿಚಿತ್ರ ಅನಿಸಲಿಲ್ಲ. ನಮ್ಮದು ನರಗುಂದದ ಅಂಗಡಿ ಮನೆತನ. ಗಿರಾಕಿ ಕೇಳಿದ ಸಾಮಾನು ಇಲ್ಲದಿದ್ದರೂ ನಮ್ಮಪ್ಪ 'ಇಲ್ಲ' ಅನ್ನುವುದಿಲ್ಲ, 'ನಾಳೆ ಬರ್ತೈತಿ' ಅನ್ನುತ್ತಾರೆ. ಅಂಥ ಮಾತಿನ ನಡುವೆಯೇ ನಾನು ಬೆಳೆದದ್ದು. ತಾಯಿ ಹೇಳಿದ್ದನ್ನು ಖುಷಿಯಿಂದ ಬರೆದುಕೊಂಡೆ.

ಕೆಲಸ ಚಲೋ ಸಾಗಿತು. ಹಿರಿಯವ ಒಳಗೆ ಬುಟ್ಟಿ ತುಂಬಿ ಹಗ್ಗ ಜಗ್ಗಿದರೆ ತಮ್ಮ ಮೇಲೆಳೆಯುತ್ತಿದ್ದ. ಹಿರಿಯವನ ಹೆಂಡತಿ ಅದನ್ನು ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಸುರಿದು ಹರಡುತ್ತಿದ್ದಳು. ಹಳೇ ಕಾಳಿನ ಒಗರು ವಾಸನೆ ಹಿತ್ತಲ ತುಂಬ ಆಡುತ್ತಿತ್ತು. ಪ್ರತಿ ಬುಟ್ಟಿಗೂ ತಮ್ಮ ಬಾಯೊಳಗೆ ಬಗ್ಗಿ ಹ್ಯಾಂಗೈತಿ ಎಂದು ಕೇಳುವನು, ಒಳಗಿನಿಂದ ಆರಾಮ ಎಂದು ಉತ್ತರ ಬರುವುದು.

ಎರಡು ಸಣ್ಣ ಸಂಗತಿ ನಡೆದವು. ಆಗ ಅವು ಸಂಗತಿಗಳು ಅನ್ನಿಸಲೇ ಇಲ್ಲ. ಮೇಲೆ ಬರುತ್ತಿದ್ದ ಬುಟ್ಟಿ ಕಂದೀಲಿಗೆ ತಗಲಿ ಗಾಜು ಬಿರುಕು ಬಿಟ್ಟಿತು. ಎಣ್ಣೆ ಕಾಳಿಗೆ ಬಿದ್ದರೆ ಜೋಳವೆಲ್ಲ ಹಾಳು ಎಂದು ತಾಯಿ ಕಂದೀಲನ್ನು ಮೇಲೆ ತೆಗೆಸಿದರು. ದೀಪ ಯಾಕೆ ಬೇಕು, ಮಾತು ಕೇಳುತ್ತಿದೆಯಲ್ಲ ಅಂದರು. ಎರಡನೆಯದು, ತಿರುಗಾಡಲು ತೊಡರುತ್ತದೆ ಎಂದು ಹಿರಿಯವ ಸೊಂಟದ ಹಗ್ಗ ಬಿಚ್ಚಿದ.

ಈಗ ಯೋಚಿಸಿದರೆ ಎಲ್ಲವೂ ನೇರವಾಗಿ ಕಾಣುತ್ತದೆ. ಕಂದೀಲು ಇಳಿಬಿಟ್ಟಾಗ ಕಾಳು ಬಾಯಿಯ ಹತ್ತಿರದವರೆಗೆ ಇತ್ತು. ನಾವು ಪರೀಕ್ಷೆ ಮಾಡಿದ್ದು ಅಲ್ಲಿನ ಗಾಳಿಯನ್ನು. ಬುಟ್ಟಿ ಬುಟ್ಟಿ ಕಾಳು ತೆಗೆದಂತೆ ಅವನು ಕೆಳಗೆ ಕೆಳಗೆ ಹೋಗುತ್ತಿದ್ದ. ವರ್ಷಗಟ್ಟಲೆ ಕಾಳಿನ ಸಂದಿಯಲ್ಲಿ ತುಂಬಿಕೊಂಡಿದ್ದ ಕೆಟ್ಟ ಗಾಳಿ, ಅವನು ಬುಟ್ಟಿಯಿಂದ ಕೆದರಿದ ಹಾಗೆಲ್ಲ ಹೊರಬಂದು ಅವನ ಸುತ್ತಲೇ ನಿಂತಿತ್ತು. ಅದು ಭಾರದ ಗಾಳಿ, ಮೇಲೆ ಏರುವುದಿಲ್ಲ. ಕೊಳದೊಳಗೆ ಇಳಿಯುವವನ ಹಾಗೆ ಅವನು ಅದರೊಳಗೆ ಇಳಿಯುತ್ತಿದ್ದ. ಅದನ್ನು ಹೇಳಬೇಕಾಗಿದ್ದ ದೀಪ ಮೇಲೆ ಕಟ್ಟೆಯ ಮೇಲಿತ್ತು. ಅದರ ಬದಲು ನಾವು ನಂಬಿಕೊಂಡಿದ್ದು, ಹುಟ್ಟಿದಾಗಿನಿಂದ ಆರಾಮ ಎಂದಲ್ಲದೆ ಬೇರೆ ಮಾತು ಆಡದ ಒಬ್ಬ ಮನುಷ್ಯನ ದನಿಯನ್ನು.

ಮಧ್ಯಾಹ್ನದ ಹೊತ್ತಿಗೆ ಬುಟ್ಟಿಗಳು ನಿಧಾನವಾದವು. ಒಂದು ಬುಟ್ಟಿ ಅರ್ಧ ಮಾತ್ರ ತುಂಬಿ ಬಂತು. "ನಿನ್ನ ಗಂಡ ಕೆಳಗ ತಂಪೈತಂತ ಮಕ್ಕೊಂಡಾನ ನೋಡ ವೈನಿ" ಎಂದು ತಮ್ಮ ಅತ್ತಿಗೆಯನ್ನು ಕೆಣಕಿದ. ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ಕೆಲಸ ಮಾಡುತ್ತಲೇ ನನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆಂದು ಹಿರಿಯವ ಬೆಳಿಗ್ಗೆಯೇ ಒಪ್ಪಿದ್ದ. ನಿಧಾನವಾಗಿದೆಯಲ್ಲ, ಈಗ ಕೇಳಬಹುದು ಅಂದುಕೊಂಡು ಬಾಯಿಯ ಅಂಚಿಗೆ ಹೋಗಿ ಮೊಣಕಾಲೂರಿ ಬಗ್ಗಿದೆ. ಕತ್ತಲಲ್ಲಿ ಅವನ ಬಿಳಿ ಬನಿಯನ್ ಮಾತ್ರ ಮಸುಕಾಗಿ ಕಾಣುತ್ತಿತ್ತು.

"ಅಣ್ಣಾರ, ನಿಮ್ಮ ಕೆಲಸದಾಗ ಭಾಳ ತ್ರಾಸ ಆಗೋದು ಯಾವದ್ರಿ?"

ಉತ್ತರ ತಡವಾಯಿತು. ಆ ತಡವನ್ನು ಅಳೆಯಲು ನಾನು ಎಷ್ಟೋ ಸಲ ಪ್ರಯತ್ನ ಮಾಡಿದ್ದೇನೆ. ಒಂದು ಉಸಿರಿನಷ್ಟೋ, ಹತ್ತು ಉಸಿರಿನಷ್ಟೋ. ನೆನಪಿನಲ್ಲಿ ಅದು ಒಂದೊಂದು ಸಲ ಒಂದೊಂದು ಉದ್ದ ಇರುತ್ತದೆ.

"ತ್ರಾಸ..." ಅಂದ. ಆ ಶಬ್ದದ ಅರ್ಥ ನೆನಪಿಸಿಕೊಳ್ಳುವವನ ಹಾಗೆ. ಆಮೇಲೆ ಮೆಲ್ಲಗೆ, "ಏನ ಇಲ್ರಿ... ಆರಾಮ ಐತ್ರಿ."

ಮತ್ತೆ ಹಗ್ಗ ಜಗ್ಗಲಿಲ್ಲ.

ನನಗೆ ಭಯ ಹುಟ್ಟಿದ್ದು ಆ ಮೌನದಿಂದಲ್ಲ, ದನಿಯಿಂದ. ಇಷ್ಟು ದಿನ ನಾನು ಕೇಳಿದ ಆರಾಮಗಳೆಲ್ಲ ಗಟ್ಟಿಯಾಗಿ, ಬಾಗಿಲು ಹಾಕಿದ ಹಾಗೆ ಇದ್ದವು. ಈ ಆರಾಮದಲ್ಲಿ ಬಾಗಿಲೇ ಇರಲಿಲ್ಲ. ಮೊಬೈಲಿನ ಬೆಳಕು ಬಿಟ್ಟೆ. ಅವನು ಕಾಳಿನ ಮೇಲೆ ಕೂತು ಗೋಡೆಯ ಕಣಿಕೆಗೆ ಒರಗಿದ್ದ. ತೊಡೆಯ ಮೇಲೆ ಖಾಲಿ ಬುಟ್ಟಿ. ಕಣ್ಣು ತೆರೆದಿದ್ದವು. ಬೆಳಕಿಗೆ ಮಿಟುಕಲಿಲ್ಲ.

ತಮ್ಮ ನೋಡಿದವನೇ ಬಾಯಿಯ ಅಂಚಿಗೆ ಕೂತು ಕಾಲು ಒಳಗೆ ಬಿಟ್ಟ. ನಾನು ಹಿಂದಿನಿಂದ ಅವನ ಅಂಗಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅಂಗಿ ಹರಿಯುವ ಸದ್ದು ಕೇಳಿಸಿತು. ಕಾಲೇಜಿನಲ್ಲಿ ಓದಿದ್ದು, ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವುದು, ಬಾವಿಗಿಳಿದವನನ್ನು ಎತ್ತಲು ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ, ಎಲ್ಲ ಒಟ್ಟಿಗೆ ತಲೆಗೆ ಬಂತು.

"ಬಿಡ್ರಿ. ನಮ್ಮಣ್ಣ ರೀ ಅಂವಾ."

"ನೀವು ಇಳದ್ರ ಅವರನ್ನ ಎತ್ತವರು ಯಾರು?" ಅಂದೆ. "ಮೊದಲ ದೀಪ ಬಿಡ್ರಿ. ಉರದ್ರ ನಾನ ನಿಮ್ಮನ್ನ ಇಳಸ್ತೀನಿ."

ತಾಯಿ ನನ್ನ ತೋಳಿಗೆ ಹೊಡೆದರು. ಜೋರಾಗಿಯೇ ಹೊಡೆದರು. "ನನ್ನ ಮಗ ಕೆಳಗ ಬಿದ್ದಾನ, ನೀ ದೀಪಾ ಹಚ್ಚಕೋತ ಕುಂತೀಯೇನ?"

ಅವರು ಹೇಳಿದ್ದು ಸರಿಯೇ ಇತ್ತು. ನಾನು ಹೇಳಿದ್ದೂ ಸರಿಯೇ ಇತ್ತು. ಎರಡೂ ಸರಿ ಇರುವ ಆ ಹೊತ್ತಿನಲ್ಲಿ ಕೆಳಗೆ ಒಬ್ಬ ಮನುಷ್ಯನ ಉಸಿರು ಮುಗಿಯುತ್ತಿತ್ತು. ಈಗಲೂ ಮಧ್ಯಾಹ್ನ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ನನ್ನ ಬೆರಳುಗಳಲ್ಲಿ ಆ ಹರಿಯುವ ಅಂಗಿ ಇರುತ್ತದೆ. ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನೋಡುತ್ತೇನೆ. ಹಿಡಿದದ್ದು ತಪ್ಪಾಗಿದ್ದರೆ ಏನಾಗುತ್ತಿತ್ತು ಎಂದೂ ನೋಡುತ್ತೇನೆ.

ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿದವಳು ಹಿರಿಯವನ ಹೆಂಡತಿ. ಬಿರುಕು ಬಿಟ್ಟ ಕಂದೀಲು ಅರ್ಧದವರೆಗೆ ಹೋಯಿತು. ಬೆಂಕಿ ಕೆಂಪಾಗಿ, ಸಣ್ಣದಾಗಿ, ಯಾರೋ ಬೆರಳಿಂದ ಚಿವುಟಿದ ಹಾಗೆ ಆರಿತು. ತಮ್ಮ ಅದನ್ನು ನೋಡಿದ. ಕಾಲು ಹೊರಗೆ ಎಳೆದುಕೊಂಡ.

ಹೆಂಡತಿ ಆಗಲೇ ಪಡಸಾಲೆಗೆ ಓಡಿದ್ದಳು. ರಾಶಿ ಮಾಡುವಾಗ ಜೋಳ ತೂರಲು ಇಟ್ಟಿದ್ದ ದೊಡ್ಡ ಕರೆಂಟಿನ ಫ್ಯಾನನ್ನು ಒಬ್ಬಳೇ ದರದರ ಎಳೆದು ತಂದಳು. ಆದರೆ ಫ್ಯಾನು ಮೇಲೆ ಬೀಸಿದರೆ ಗಾಳಿ ಬಾಯಿಯ ಮೇಲೆಯೇ ಹಾದು ಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ. ಕೆಳಗೆ ತಲುಪಿಸಲು ಒಂದು ಕೊಳವೆ ಬೇಕು. ಮೊದಲು ಅದು ಹೊಳೆಯಲಿಲ್ಲ. ಫ್ಯಾನು ಸುಮ್ಮನೆ ತಿರುಗಿತು. ಆ ವ್ಯರ್ಥ ಹೊತ್ತನ್ನೂ ನಾನು ಮರೆತಿಲ್ಲ. ತಮ್ಮನೇ ತಾಡಪತ್ರಿಯನ್ನು ಹಿಡಿದು ಝಾಡಿಸಿದ. ಬೆಳಗಿನಿಂದ ತೆಗೆದ ಜೋಳವೆಲ್ಲ ಮಣ್ಣಿಗೆ ಚೆಲ್ಲಿತು. ತಾಯಿ ಅದನ್ನು ತುಳಿದುಕೊಂಡೇ ಬಂದು ತಾಡಪತ್ರಿಯ ಒಂದು ತುದಿ ಹಿಡಿದರು. ಅದನ್ನು ಉದ್ದಕ್ಕೆ ಸುರುಳಿ ಸುತ್ತಿ, ಒಂದು ತುದಿಯನ್ನು ಫ್ಯಾನಿನ ಮುಂದಿನ ಜಾಳಿಗೆಗೆ ಸುತ್ತಿ ಒಂದು ಹಳೇ ಸೀರೆಯಿಂದ ಕಟ್ಟಿ, ಇನ್ನೊಂದು ತುದಿಯನ್ನು ಹಗೇವಿನೊಳಗೆ ಇಳಿಬಿಟ್ಟೆವು. ಸುರುಳಿ ಉಬ್ಬಿತು. ಬಾಯಿಂದ ಹೊಟ್ಟು, ಧೂಳು, ಒಗರು ವಾಸನೆ ಮುಖಕ್ಕೆ ಹೊಡೆದವು. ಕರೆಂಟು ಇತ್ತು. ಆ ಹೊತ್ತಿನಲ್ಲಿ ಅಲ್ಲಿ ಕರೆಂಟು ಇರುವುದು ನಿಯಮವಲ್ಲ.

ಮತ್ತೆ ಕಂದೀಲು. ಈ ಸಲ ಕೆಳಗೆ ಹೋಗಿ, ಗಾಳಿಗೆ ತುಯ್ದಾಡುತ್ತ ಉರಿಯಿತು. ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಕಟ್ಟನ್ನು ನಾನೂ ಅವನ ಅತ್ತಿಗೆಯೂ ಒಬ್ಬರಾದ ಮೇಲೊಬ್ಬರು ಜಗ್ಗಿ ನೋಡಿದೆವು. ಅವನು ಇಳಿದು, ಅಣ್ಣನ ಕಂಕುಳ ಕೆಳಗೆ ಇನ್ನೊಂದು ಹಗ್ಗ ಹಾಯಿಸಿ ಕೂಗಿದ. ಅಷ್ಟರಲ್ಲಿ ನೆರೆಯವರು ಬಂದಿದ್ದರು. ಎಲ್ಲರೂ ಸೇರಿ ಎಳೆದೆವು. ಸಣ್ಣ ಬಾಯಿಯಲ್ಲಿ ಭುಜ ಸಿಕ್ಕಿಕೊಂಡಿತು. ಮತ್ತೆ ಸ್ವಲ್ಪ ಇಳಿಸಿ, ಕೈ ಮೇಲಕ್ಕೆ ಮಾಡಿಸಿ ಎಳೆದೆವು. ಹೊರಗೆ ಬಂದಾಗ ಅವನ ತುಟಿ ನೇರಳೆಯಾಗಿದ್ದವು, ರೆಪ್ಪೆಯ ಮೇಲೆ ಹೊಟ್ಟು ಕೂತಿತ್ತು. ಎದೆ ಏಳುತ್ತಿರಲಿಲ್ಲ. ಮೂಗು ಮುಚ್ಚಿ ಬಾಯಿಗೆ ಉಸಿರು ಊದಿದೆ. ಎಷ್ಟು ಸಲ ಊದಿದೆನೋ ತಿಳಿಯದು. ಒಂದು ಸಲ ನಾನು ಬಿಟ್ಟ ಉಸಿರು ಅಲ್ಲದ ಉಸಿರು, ಅವನದೇ ಉಸಿರು, ಗೊರ್ ಎಂದು ನನ್ನ ಕೆನ್ನೆಗೆ ತಾಗಿತು.

ನೆರೆಯವರ ಗೂಡ್ಸ್ ಗಾಡಿಯಲ್ಲಿ ಗಜೇಂದ್ರಗಡಕ್ಕೆ ಒಯ್ದೆವು. ದವಾಖಾನೆಯ ಮೊಗಸಾಲೆಯಲ್ಲಿ ತಾಯಿ ನನ್ನ ಪಕ್ಕ ಕೂತಿದ್ದರು. ಪಾದಗಳಿಗೆ ಇನ್ನೂ ಜೋಳ ಅಂಟಿತ್ತು. ಬಹಳ ಹೊತ್ತಿನ ಮೇಲೆ ನನ್ನ ತೋಳಿನಲ್ಲಿ ತಾವು ಹೊಡೆದ ಜಾಗವನ್ನು ಸವರಿದರು.

"ಕಾಳಿನ ಮುಂದ ಸಾಕು ಅನಬ್ಯಾಡಂತ ಅಂವಗ ನಾನ ಕಲಿಸೇನಿ" ಅಂದರು.

ಅವನು ಉಳಿದ. ಆದರೆ ಎಡಗೈಯ ಹಿಡಿತ ಪೂರ್ತಿ ಮರಳಲಿಲ್ಲ, ಮಾತಿನ ನಡುವೆ ಶಬ್ದಗಳು ತಪ್ಪಿಹೋಗುತ್ತಿದ್ದವು. ನಾನು ಆ ಅಧ್ಯಯನದ ಕೆಲಸ ಬಿಟ್ಟೆ. ಯಾರನ್ನಾದರೂ ಹೇಗಿದ್ದೀರಿ ಎಂದು ಕೇಳಿ, ಅವರು ಆರಾಮ ಅಂದರೆ, ನನಗೆ ಮುಂದಿನ ಮಾತು ಕೇಳಿಸುತ್ತಿರಲಿಲ್ಲ. ಅವರ ತುಟಿಯ ಬಣ್ಣ ನೋಡುತ್ತಿದ್ದೆ. ಅಪ್ಪ ಅಂಗಡಿಯಿಂದ ಬಂದು ಆರಾಮ ಕುರ್ಚಿಯ ಮೇಲೆ ಕಣ್ಣು ಮುಚ್ಚಿದರೆ ಎದೆ ಏಳುತ್ತಿದೆಯೇ ಎಂದು ನಿಂತು ನೋಡುತ್ತಿದ್ದೆ.

ಮಳೆ ಶುರುವಾಗಿ ಹೆಸರು ಬಿತ್ತನೆ ಮುಗಿದ ಮೇಲೆ ಒಮ್ಮೆ ಮುಶಿಗೇರಿಗೆ ಹೋದೆ. ಹಗೇವಿನ ಜಾಗದಲ್ಲಿ ಹಸಿ ಮಣ್ಣಿನ ತೇಪೆ ಇತ್ತು. ಖೋಲಿ ಇನ್ನೂ ಕಟ್ಟಿಸಿರಲಿಲ್ಲ. ತಾಯಿ ಊಟಕ್ಕೆ ಬಡಿಸಿದರು. ರೊಟ್ಟಿ ಮುರಿದಾಗಲೇ ಆ ಒಗರು ವಾಸನೆ ಬಂತು. ಅಂದು ಚೆಲ್ಲಿದ ಜೋಳವನ್ನೆಲ್ಲ ಆರಿಸಿ, ಕಲ್ಲು ತೆಗೆದು, ಬೀಸಿಸಿದ್ದರು. ತಿಂದೆ.

ಆ ಮನೆಯಲ್ಲಿ ಈಗ ಹೊಸದೊಂದು ಪದ್ಧತಿ ಬಂದಿತ್ತು. ಹೆಂಡತಿ ಅದನ್ನು ತಂದವಳು. ಸಂಜೆ ಗಂಡ ಒಂದು ತ್ರಾಸ ಹೇಳದೆ ಚಹಾ ಇಲ್ಲ. ಏನಾದರೂ ಸರಿ, ಮೈಯದು ಆಗಿರಬೇಕು. ಮೊದಮೊದಲು ಅವನಿಗೆ ಹೇಳಲು ಏನೂ ತೋಚದೆ ಚಹಾ ಆರಿಹೋಗುತ್ತಿತ್ತಂತೆ. ಈಗ ಊರಿನವರು ಕೂಡ, ಇವತ್ತು ಏನು ನೋವು ಹೇಳಿ ಚಹಾ ಗಿಟ್ಟಿಸಿದೆ ಎಂದು ಛೇಡಿಸುತ್ತಾರಂತೆ. ತಮ್ಮ ಇದನ್ನೆಲ್ಲ ನಟಿಸಿ ಹೇಳಿದ. ನಕ್ಕೆವು. ಅವನು ಹರಿದ ಅಂಗಿಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಹಿರಿಯವನೂ ನಾನೂ ಕಟ್ಟೆಯ ಮೇಲೆ ಇಬ್ಬರೇ ಉಳಿದೆವು. ನಾನು ಏನನ್ನೂ ಕೇಳಬಾರದೆಂದು ನಿಶ್ಚಯ ಮಾಡಿಕೊಂಡು ಬಂದಿದ್ದೆ. ಅವನೇ ಶುರು ಮಾಡಿದ. ನಿಂತು, ಶಬ್ದ ಹುಡುಕಿ, ಮತ್ತೆ ಮುಂದುವರಿಯುತ್ತ ಹೇಳಿದ. ಕಂದೀಲು ಮೇಲೆ ಹೋದ ಸ್ವಲ್ಪ ಹೊತ್ತಿಗೇ ತಲೆ ಸಿಡಿಯತೊಡಗಿತ್ತಂತೆ. ಎದೆ ಹೊಡೆದುಕೊಳ್ಳುತ್ತಿತ್ತಂತೆ. ಮೇಲಿನಿಂದ ತಮ್ಮ ಕೇಳಿದಾಗಲೆಲ್ಲ ಆ ಒಂದು ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತಂತೆ. ಆದರೆ ಕಾಲ ಕೆಳಗೆ ಕಾಳು, ಸುತ್ತಲೂ ಕಾಳು. ಅವುಗಳ ನಡುವೆ ನಿಂತು ಹೇಗೆ ಸಾಕು ಅನ್ನುವುದು? ಇನ್ನೊಂದು ಬುಟ್ಟಿ, ಇನ್ನೊಂದು ಬುಟ್ಟಿ ಅಂದುಕೊಂಡನಂತೆ.

"ಅವೆಲ್ಲಾ ಸುಳ್ಳು ರೀ ಅಕ್ಕಾರ, ತಮ್ಮಗ ಆರಾಮ ಅಂತ ಹೇಳಿದ್ದು" ಅಂದ. ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಮಡಿಸಿದ. "ನಿಮಗ ಹೇಳಿದ್ದು ಸುಳ್ಳಲ್ರಿ. ಅವಾಗ ತಲಿನೋವು ಹೋಗಿತ್ತು. ಮೈ ಹಗರಾಗಿತ್ತು. ಅಷ್ಟ ಆರಾಮ ನನಗ ಹುಟ್ಟಿದಾಗಿಂದ ಆಗಿದ್ದಿಲ್ಲ. ಖರೇನ."

ಅಂಗಳದಲ್ಲಿ ಎತ್ತಿನ ಕೊರಳ ಗಂಟೆ ಅಲುಗಿತು. ಅವನು ನನ್ನ ಕಡೆ ನೋಡಲಿಲ್ಲ. ತೇಪೆ ಹಾಕಿದ ಆ ಮಣ್ಣಿನ ಕಡೆ ನೋಡುತ್ತಿದ್ದ, ಕಳೆದುಕೊಂಡ ಯಾವುದನ್ನೋ ಅಲ್ಲಿ ಇಟ್ಟು ಬಂದವನ ಹಾಗೆ.

ಒಳಗೆ ಬೋಸಿ ಪಾತ್ರೆಗಳ ಸದ್ದು ನಿಂತಿತು. "ಏನ ಹೇಳಾಕತ್ತೀರಿ ಅಕ್ಕಾರಿಗೆ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

ಅವನು ತಡಮಾಡಲಿಲ್ಲ.

"ಬೆನ್ನ ನೋಯಾಕತ್ತೈತಿ ಅಂತ ಹೇಳಾಕತ್ತಿದ್ನಿ" ಅಂದ.

"ಹಂಗಾದ್ರ ಚಾ ತರ್ತೀನಿ ತಡೀರಿ" ಅಂದಳು. ಅವಳ ದನಿಯಲ್ಲಿ ಸಮಾಧಾನ ಇತ್ತು.